ಬೋರ್ಡ್ ಗೇಮ್ ಮಧ್ಯದಲ್ಲಿ ರೂಲ್ ತಪ್ಪಾಗಿ ಆಡಿದ್ದೀವಿ ಅಂತ ಗೊತ್ತಾದ್ರೆ ಏನ್ ಮಾಡ್ಬೇಕು?

ಕಂಡ ತಕ್ಷಣ ಹೇಳ್ಬಿಡಿ, ಆ ತಪ್ಪಿಂದ ನಿಮಗೇ ಲಾಭ ಆಗಿದ್ರಂತೂ ಮೊದ್ಲು ನೀವೇ ಬಾಯಿ ಬಿಡಿ. ಅದೇ ಟರ್ನ್‌ನಲ್ಲಿ ಗೊತ್ತಾದ್ರೆ ಸರಿ ಮಾಡೋದು ಸುಲಭ. ಈಗ ಕ್ಯಾಟಾನ್ ಅನ್ನೋ ಬೋರ್ಡ್ ಗೇಮ್‌ನಲ್ಲಿ ಡೈಸ್‌ನಲ್ಲಿ 7 ಬಿದ್ದಾಗ ಕೈಯಲ್ಲಿ 7ಕ್ಕಿಂತ ಜಾಸ್ತಿ ಕಾರ್ಡ್ ಇರೋರು ಅರ್ಧ ವಾಪಸ್ ಇಡ್ಬೇಕು, ಅದು ಮರೆತಿದ್ರೆ ಆಗ್ಲೇ ಇಡ್ಸಿ, ಆದ್ರೆ ಎರಡು ಸುತ್ತು ಕಳೆದು ಆ ಕಾರ್ಡ್‌ಗಳಲ್ಲೇ ರಸ್ತೆ ಕಟ್ಟಿ ಟ್ರೇಡೂ ಮಾಡ್ಕೊಂಡಿದ್ರೆ ಬಿಚ್ಚೋಕೆ ಹೋಗ್ಬೇಡಿ, ಒಂದನ್ನ ಮುಟ್ಟಿದ್ರೆ ಹತ್ತು ಅಲ್ಲಾಡುತ್ತೆ, ಎಲ್ಲರನ್ನೂ ಕೇಳಿ ಇನ್ಮುಂದೆ ಸರಿಯಾಗಿ ಆಡಿ ಅಷ್ಟೇ. ಟೂರ್ನಮೆಂಟ್ ಬೇರೆ ವಿಷ್ಯ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಕ್ಲಾಸಿಕಲ್ (ಹೆಚ್ಚು ಸಮಯ ಕೊಟ್ಟು ಆಡೋ) ಚೆಸ್‌ನಲ್ಲಿ ನಿಯಮ ಮೀರಿದ ನಡೆ ಆಟದ ಮಧ್ಯೆ ಗೊತ್ತಾದ್ರೆ ಅದಕ್ಕೂ ಮುಂಚಿನ ಪೊಸಿಷನ್‌ಗೇ ಹೋಗ್ತಾರೆ. ಹೊಸಬರು ತಪ್ಪಿದ್ರೆ ದಯವಿಟ್ಟು ಮೋಸ ಅನ್ಬೇಡಿ, ರೂಲ್‌ಬುಕ್ ತೆಗೆದು ಆ ಸಾಲು ತೋರ್ಸಿ ಸಾಕು.