ಗೇರ್‌ಬಾಕ್ಸನ್ನು ಕ್ಲಚ್ ಪ್ಲೇಟಿಗೆ ನೇತುಹಾಕಬೇಡಿ

ಚಿತ್ರದುರ್ಗದ ಗೆಳೆಯರೇ, ಗೇರ್ ಆಯಿಲ್ ಸೋರುತ್ತಿದೆ, ಎಣ್ಣೆ ತಡೆಯುವ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ನಿಮ್ಮ 1972ರ ಅಂಬಾಸಿಡರ್‌ನ ಎರಡನೇ ಫೋಟೊ ನೋಡಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ. ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂರುವ, ಕ್ಲಚ್ ಮುಚ್ಚುವ ಕವಚ) ಬೋಲ್ಟುಗಳೆಲ್ಲ ಬಿಚ್ಚಿವೆ, ಗೇರ್‌ಬಾಕ್ಸ್ ನಾಲ್ಕು ಬೆರಳು ಹಿಂದೆ ಬಂದು ಬಾಲ ಕೆಳಗೆ ಬಾಗಿದೆ, ಅಡಿಯಲ್ಲಿ ಜಾಕ್ ಇಲ್ಲ. ಉಳಿದದ್ದನ್ನು ನಾಳೆ ಎಳೆಯುತ್ತೇನೆ ಎಂದಿದ್ದೀರಿ. ನಾಳೆಯವರೆಗೆ ಬಿಡಬೇಡಿ, ಈಗಲೇ ಅದಕ್ಕೆ ಆಸರೆ ಕೊಡಿ. ಆದರೆ ಕೆಳಗೆ ತೂರುವ ಮುನ್ನ ಕಾರನ್ನು ಎತ್ತಿ ನಿಲ್ಲಿಸಿರುವ ಆ ಸೈಜುಗಲ್ಲುಗಳನ್ನು ತೆಗೆದು ಸ್ಟ್ಯಾಂಡ್ ಇಡಿ. ಕಲ್ಲು ಬಿರಿಯುವಾಗ ಮುನ್ಸೂಚನೆ ಕೊಡುವುದಿಲ್ಲ. ಮನೆಯಲ್ಲಿ ಮಕ್ಕಳಿರುವವರು ಹೀಗೆ ಮಾಡಬಾರದು.

ಇದೇ ತಪ್ಪನ್ನು ನಾನು ದಾವಣಗೆರೆಯ ನಮ್ಮ ಶೆಡ್ಡಿನಲ್ಲಿ ಮಾಡಿದ್ದೇನೆ. ಸಂಜೆ ಕರೆಂಟು ಹೋಯಿತೆಂದು ಅರ್ಧ ಎಳೆದ ಗೇರ್‌ಬಾಕ್ಸನ್ನು ರಾತ್ರಿಯೆಲ್ಲ ಹಾಗೆಯೇ ಬಿಟ್ಟೆ. ಅಷ್ಟೂ ಭಾರ ಗೇರ್‌ಬಾಕ್ಸಿನ ಮುಂದೆ ಚಾಚಿದ ಇನ್‌ಪುಟ್ ಶಾಫ್ಟಿನ ಮೂಲಕ ಕ್ಲಚ್ ಪ್ಲೇಟಿನ ಹಬ್ ಮೇಲೆ ಬಿದ್ದಿತ್ತು. ಹೊಸ ಸೀಲ್ ಹಾಕಿ, ಎಲ್ಲ ಜೋಡಿಸಿ, ಸ್ಟಾರ್ಟ್ ಮಾಡಿದರೆ ಕ್ಲಚ್ ಬಿಡುತ್ತಿಲ್ಲ, ಮೊದಲ ಗೇರು ಕರಕರ ಎನ್ನುತ್ತದೆ. ಎರಡನೇ ಸಲ ಇಳಿಸಿದಾಗ ಕಂಡಿತು: ಪ್ಲೇಟು ಸೊಟ್ಟಗಾಗಿತ್ತು. ಒಳ್ಳೆಯ ಪ್ಲೇಟು ಹಾಳಾಯಿತು, ಎರಡು ಭಾನುವಾರ ಹೋದವು.

ಆಮೇಲೆ ಉಪಾಯ ಹೇಳಿಕೊಟ್ಟವರು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು, ಪಿ.ಬಿ. ರಸ್ತೆಯ ಬಳಿ ಲೇತ್ ಇಟ್ಟುಕೊಂಡಿದ್ದ ಹಿರಿಯರು. ಬೆಲ್ ಹೌಸಿಂಗ್ ಬೋಲ್ಟಿನ ಅಳತೆಯದೇ, ಆದರೆ ನಾಲ್ಕು ಅಂಗುಲ ಉದ್ದದ ಎರಡು ಬೋಲ್ಟುಗಳ ತಲೆ ಕತ್ತರಿಸಿ, ತುದಿಗೆ ಸ್ಕ್ರೂಡ್ರೈವರ್ ಕೂರುವಂತೆ ಗೀರು ಹಾಕಿ, ಎಂಜಿನ್ ಕಡೆಯ ಮೇಲಿನ ಎರಡು ರಂಧ್ರಗಳಿಗೆ ಬಿಗಿಯಿರಿ. ರಂಧ್ರದಲ್ಲಿ ತಿರುಪಿನ ಎಳೆ (ಥ್ರೆಡ್) ಇಲ್ಲದಿದ್ದರೆ ಮುಂದಿನಿಂದ ನಟ್ ಕೊಡಿ. ಗೇರ್‌ಬಾಕ್ಸ್ ಈ ಕಂಬಿಗಳ ಮೇಲೆ ನೇರವಾಗಿ ಜಾರುತ್ತದೆ, ಶಾಫ್ಟಿಗೆ ಭಾರ ತಾಗುವುದಿಲ್ಲ. ಹಾಗೆಂದು ಜಾಕ್ ಬಿಡಬೇಡಿ; ಕಂಬಿ ದಾರಿ ತೋರಿಸುವುದಕ್ಕೆ ಮಾತ್ರ. ಗೇರ್‌ಬಾಕ್ಸನ್ನು ಹೊರುವ ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಬಿಚ್ಚಿರುವುದರಿಂದ ಎಂಜಿನ್ ಹಿಂದಕ್ಕೆ ವಾಲುತ್ತದೆ. ಎಂಜಿನ್ ತಳದ ಎಣ್ಣೆ ತೊಟ್ಟಿಯ (ಸಂಪ್) ಅಡಿಗೆ ಹಲಗೆ ಇಟ್ಟು ಇನ್ನೊಂದು ಜಾಕ್ ಕೊಡಿ, ಫ್ಯಾನ್ ರೇಡಿಯೇಟರಿಗೆ ತಾಗುತ್ತದೆಯೇ ನೋಡುತ್ತಿರಿ.

ಇನ್ನೊಂದು ಮಾತು, ಇದನ್ನು ಬಿಚ್ಚುವ ಮೊದಲೇ ಕೇಳಬೇಕಿತ್ತು. ಸೋರುತ್ತಿರುವುದು ಗೇರ್ ಆಯಿಲ್ ಎಂದು ಹೇಗೆ ಗೊತ್ತಾಯಿತು? ನನ್ನದು ಎಂಜಿನ್ ಆಯಿಲ್ ಆಗಿತ್ತು! ಬ್ರಿಟಿಷ್ ಮೋಟರ್ ಕಾರ್ಪೊರೇಶನ್ (ಬಿಎಂಸಿ) ವಿನ್ಯಾಸದ ಈ 1489 ಸಿಸಿ ಎಂಜಿನ್ನಿನ ಕ್ರ್ಯಾಂಕ್ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ಒಳಕ್ಕೆ ತಳ್ಳುವ ಸುರುಳಿ ತೋಡು ಮಾತ್ರ. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಧೂಳಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಅಲ್ಲಿಂದಲೇ ಎಣ್ಣೆ ಹೊರಬರುತ್ತದೆ. ಬೆಲ್ ಹೌಸಿಂಗ್ ತಳದ ಸ್ಪ್ಲಿಟ್ ಪಿನ್ ಇರುವ ತೂತಿನಿಂದ ಬಿದ್ದ ಹನಿಯನ್ನು ಬಿಳಿ ಬಟ್ಟೆಗೆ ಒರೆಸಿ ಮೂಸಿ ನೋಡಿ. ಕಪ್ಪಗಿದ್ದರೆ ಎಂಜಿನ್ನಿನದು, ಗಂಧಕದ ಘಾಟು ಇದ್ದರೆ ಗೇರಿನದು.

ಗೇರ್‌ಬಾಕ್ಸಿನ ಹಿಂದಿನ ಸೀಲಿನದೇ ದೋಷವಾದರೆ, ಅದರ ತುಟಿ ಉಜ್ಜುವ ಜಾಗವನ್ನು ಉಗುರಿನಿಂದ ಸವರಿ. ಗೀರು ಸಿಕ್ಕಿದರೆ ಎಷ್ಟೇ ದುಬಾರಿ ಸೀಲ್ ಹಾಕಿದರೂ ಸೋರುತ್ತದೆ. ಆ ಜಾಗದ ಮೇಲೆ ತೆಳು ಲೋಹದ ಕವಚ (ಸ್ಲೀವ್) ಹಾಕಿಸಿ, ಇಲ್ಲವೇ ಸೀಲನ್ನು ತುಸು ಹೊರಗೆ ಅಥವಾ ಒಳಗೆ ಕೂರಿಸಿ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ಗ್ಯಾಸ್ಕೆಟ್ಟಿಗೆ ಅನಾಬಾಂಡ್ ಅಂಟು ಸಾಕು, ಆದರೆ ತೆಳುವಾಗಿ ಹಚ್ಚಿ. ದೋಸೆಗೆ ಬೆಣ್ಣೆ ಸವರಿದ ಹಾಗೆ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಣ್ಣೆ ಸರ್ವೊ ಆಗಲಿ, ಕ್ಯಾಸ್ಟ್ರಾಲ್ ಆಗಲಿ, ಕೈಪಿಡಿಯ ದರ್ಜೆಯನ್ನೇ ಹಾಕಿ. ಅಂಗಡಿಯವರು ಜಿಎಲ್-5 ದರ್ಜೆಯ ಗೇರ್ ಆಯಿಲ್ ಕೊಟ್ಟರೆ ಬೇಡ ಎನ್ನಿ, ಅದರ ಗಂಧಕ ಗೇರುಗಳನ್ನು ಸರಾಗವಾಗಿ ಬೆಸೆಯುವ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು ತಿನ್ನಬಹುದು.

ಹೇಗೂ ಇಳಿಸುತ್ತಿದ್ದೀರಿ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಕಾರ್ಬನ್ ಬೇರಿಂಗನ್ನೂ ನೋಡಿ. ಕಾರ್ಬನ್ ತನ್ನ ಕಬ್ಬಿಣದ ಬಟ್ಟಲಿನ ಅಂಚಿನವರೆಗೆ ಸವೆದಿದ್ದರೆ ಈಗಲೇ ಬದಲಿಸಿ. ಅದಕ್ಕೆ ಗ್ರೀಸ್ ಹಚ್ಚಬೇಡಿ.