ರಾತ್ರಿ ಹನ್ನೊಂದರ ಮೇಲಿನ ಒಂದೂವರೆ ಗಂಟೆ

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು ವಿಜಯನಗರದ ದಂಪತಿ. ಹೆಂಡತಿಯನ್ನು ಸುಮಾ ಎನ್ನೋಣ. ವಯಸ್ಸು 39, ಔಟರ್ ರಿಂಗ್ ರೋಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಮನೆಯಲ್ಲಿ ಅತ್ತೆ, ಆರನೇ ಕ್ಲಾಸಿನ ಮಗಳು. ಮಾತು ಶುರು ಮಾಡಿದ್ದು ಗಂಡ: "ಮೇಡಂ, ಇವಳಿಗೆ ಫೋನ್ ಚಟ. ರಾತ್ರಿ ಹನ್ನೊಂದಕ್ಕೆ ರೀಲ್ಸ್ ಹಿಡಿದ್ರೆ ಹನ್ನೆರಡೂವರೆ. ಬೆಳಿಗ್ಗೆ ಎದ್ರೆ ಸಿಡಿಮಿಡಿ." ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಯೂ ನೋಡಿದ್ದರಂತೆ. ಸುಮಾ ಹೇಳಿದ ತೊಂದರೆಗಳೇ ಬೇರೆ: ಕಣ್ಣುರಿ, ಕತ್ತುನೋವು, ಮೀಟಿಂಗ್ ಮಧ್ಯೆ ಹೇಳಬೇಕಾದ್ದೇ ಮರೆತುಹೋಗುವುದು, ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದರೆ ರೇಗುವುದು.

ಆಯಾಸ ಎಂದು ಬಂದವರಿಗೆ ಮೊದಲು ಡಾಕ್ಟರ ಹತ್ತಿರ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿಕೊಂಡು ಬನ್ನಿ ಎನ್ನುತ್ತೇನೆ. ರಕ್ತ ಕಡಿಮೆ ಇರುವವರನ್ನು ಕೂರಿಸಿಕೊಂಡು ಸ್ಕ್ರೀನ್ ಬಗ್ಗೆ ಬುದ್ಧಿ ಹೇಳುವುದು ಅನ್ಯಾಯ. ಸುಮಾ ಅವರ ರಿಪೋರ್ಟ್ ಸರಿಯಿತ್ತು. ಖಿನ್ನತೆಯ ಲಕ್ಷಣಗಳೂ ಕಾಣಲಿಲ್ಲ. ಕಣ್ಣು ಒಣಗಿದೆ ಎಂದು ಕಣ್ಣಿನ ಡಾಕ್ಟರು ಡ್ರಾಪ್ಸ್ ಕೊಟ್ಟಿದ್ದರು. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗುತ್ತದೆ, ಉರಿಗೆ ಅದೇ ಕಾರಣ.

ಎರಡನೇ ಸಲ ಅವರೊಬ್ಬರನ್ನೇ ಬರಹೇಳಿ, ಎದ್ದಾಗಿನಿಂದ ಮಲಗುವವರೆಗೆ ದಿನ ಹೇಗೆ ಕಳೆಯುತ್ತದೆ ಹೇಳಿ ಎಂದೆ. ಎದ್ದ ಕೂಡಲೇ ಸ್ಕೂಲ್ ವಾಟ್ಸಾಪ್ ಗ್ರೂಪ್: ಇವತ್ತು ಯಾವ ಯೂನಿಫಾರ್ಮ್, ಯಾವ ಚಾರ್ಟ್ ಪೇಪರ್. ಹಾಲು, ತರಕಾರಿ, ಅತ್ತೆಯ ಬಿಪಿ ಮಾತ್ರೆ ಎಲ್ಲವೂ ಆ್ಯಪ್‌ನಲ್ಲಿ, ಎಲ್ಲವೂ ಇವರ ನಂಬರಿಗೇ. ಅದಕ್ಕೇ ಡೆಲಿವರಿ ಹುಡುಗರ ಫೋನೂ ಇವರಿಗೇ. ಒಂಬತ್ತೂವರೆಗೆ ಮೊದಲ ಮೀಟಿಂಗ್. ಸಂಜೆ ಆರೂವರೆಗೆ, ನ್ಯೂಯಾರ್ಕಿನವರಿಗೆ ಬೆಳಿಗ್ಗೆ ಒಂಬತ್ತಾದಾಗ, ಕ್ಲೈಂಟ್ ಕಾಲ್. ಅದು ಎಂಟಕ್ಕೆ ಮುಗಿಯುತ್ತದೆ. ಕುಕ್ಕರ್ ಕೂಗಿದರೆ ಮ್ಯೂಟ್. ಆಮೇಲೆ ಊಟ, ಪಾತ್ರೆ, ಹೋಂವರ್ಕ್.

"ಹನ್ನೊಂದರ ಮೇಲೆ ರೀಲ್ಸ್‌ನಲ್ಲಿ ಏನು ನೋಡ್ತೀರಿ?" ಎಂದು ಕೇಳಿದೆ. ನೆನಪಿಲ್ಲ ಎಂದರು. "ಆದ್ರೆ ಆಗ ಮಾತ್ರ ನನ್ನನ್ನ ಯಾರೂ ಏನೂ ಕೇಳಲ್ಲ ಮೇಡಂ."

ಇದನ್ನು ಚಟ ಎನ್ನಲು ನಾನು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಇದೆ, 'ಫೋನ್ ಚಟ' ಎಂಬ ಹೆಸರಿನದು ಇಲ್ಲ. ಹೆಸರಿನ ಮಾತು ಬಿಡಿ, ಹಗಲೆಲ್ಲ ತನ್ನದೆನ್ನುವ ಹತ್ತು ನಿಮಿಷವೂ ಸಿಗದವರು ಅದನ್ನು ನಿದ್ದೆಯಿಂದ ಕಿತ್ತುಕೊಳ್ಳುತ್ತಾರೆ. ಅಂಥವರ ಫೋನ್ ಬೀರುವಿಗೆ ಹೋದರೆ ಇದ್ದೊಂದು ಬಿಡುವೂ ಹೋದಂತೆ. ವಾರಾಂತ್ಯಕ್ಕೆ ಕೊಡಗಿನ ರೆಸಾರ್ಟಿನಲ್ಲಿ 'ಡಿಜಿಟಲ್ ಡಿಟಾಕ್ಸ್' ಮಾಡಿಸಲೇ ಎಂದು ಗಂಡ ಕೇಳಿದರು. ಹೋಗಿಬನ್ನಿ, ಚೆನ್ನಾಗಿರುತ್ತೆ, ಆದರೆ ಸೋಮವಾರ ಬೆಳಿಗ್ಗೆ ಸ್ಕೂಲ್ ಗ್ರೂಪ್ ಅಲ್ಲೇ ಇರುತ್ತೆ ಎಂದೆ.

ಹಾಗಾಗಿ ಸಲಹೆಯ ಮೊದಲ ಪಾಲು ಗಂಡನಿಗೆ. ಸ್ಕೂಲ್ ಗ್ರೂಪಿಗೆ ಅವರು ಸೇರಬೇಕು, ಸುಮಾ ಹೊರಬರಬೇಕು. ಮಾತ್ರೆ, ತರಕಾರಿ ಆರ್ಡರುಗಳು ಅವರ ನಂಬರಿಗೆ ಹೋಗಬೇಕು. ಎಂಟರಿಂದ ಮುಕ್ಕಾಲು ಗಂಟೆ ಅಡುಗೆಮನೆ ಅವರದು. ಆ ಹೊತ್ತು ಸುಮಾ ಫೋನ್ ಬಿಟ್ಟು ತಾರಸಿಗೋ ಪಾರ್ಕಿಗೋ ಹೋಗಬಹುದು, ಸುಮ್ಮನೆ ಕೂರಲೂಬಹುದು. ಅತ್ತೆಗೆ ಇದು ಹಿಡಿಸಲಿಲ್ಲ. ಒಪ್ಪಿಸುವ ಕೆಲಸ ಮಗನದು, ಸೊಸೆಯದಲ್ಲ ಎಂದು ಅವರೆದುರೇ ಹೇಳಿದೆ.

ಆಫೀಸಿನಲ್ಲಿ ಎಲ್ಲವನ್ನೂ ಬದಲಿಸಲು ಹೋಗದೆ ಮ್ಯಾನೇಜರನ್ನು ಒಂದೇ ಒಂದು ಕೇಳಿ ಎಂದೆ: ಟೀಮಿನೊಳಗಿನ ಕಾಲ್‌ಗಳಿಗೆ ಕ್ಯಾಮೆರಾ ಬೇಡ. ಕ್ಲೈಂಟ್ ಕಾಲ್‌ನಲ್ಲಿ ತನ್ನ ಮುಖ ತನಗೇ ಕಾಣುವ ಚೌಕವನ್ನು ಮರೆಮಾಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ದಿನವಿಡೀ ಕನ್ನಡಿ ಮುಂದೆ ಕೂತು ಮಾತಾಡಿದರೆ ಯಾರಿಗಾದರೂ ಸುಸ್ತಾಗುತ್ತದೆ. ಕಣ್ಣಿಗೆ 20-20-20 ಸೂತ್ರ: 20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡು ದೃಷ್ಟಿ. ಅವರ ಕಿಟಕಿಯಿಂದ ಪಕ್ಕದ ಮನೆ ಗೋಡೆ ಆರಡಿಯೂ ಇರಲಿಲ್ಲ! ಬಾಲ್ಕನಿಗೆ ಬಂದು ಎದುರು ಸಾಲಿನ ತೆಂಗಿನಮರ ನೋಡುವುದೆಂದಾಯಿತು.

ರಾತ್ರಿಯ ಫೋನಿನ ಮಾತೆತ್ತಿದ್ದು ಇಷ್ಟಾದ ಮೇಲೆ. ಚಾರ್ಜರ್ ಹಾಲ್‌ಗೆ ಹೋಯಿತು, ಅದೂ ಇಬ್ಬರದ್ದೂ. ಮಂಚದ ಪಕ್ಕ ಒಂದು ಅಲಾರಂ ಗಡಿಯಾರ ಬಂತು. ಹಾಸಿಗೆಯಲ್ಲಿ ಕ್ರಿಕೆಟ್ ಹೈಲೈಟ್ಸ್ ನೋಡುವ ಗಂಡ ಸ್ವಲ್ಪ ಗೊಣಗಿದರು.

ಎಲ್ಲರ ಕಥೆಯೂ ಇದೇ ಅಲ್ಲ. ಫೋನ್ ಕಿತ್ತುಕೊಂಡರೆ ಮಕ್ಕಳು ಕೈಮಾಡುವಷ್ಟಾಗಿದ್ದರೆ, ಕಾಲೇಜು, ಕೆಲಸ ತಪ್ಪುತ್ತಿದ್ದರೆ ನಿಮ್ಹಾನ್ಸ್‌ನವರು 2014ರಲ್ಲಿ ಆರಂಭಿಸಿದ 'ಶಟ್' ಕ್ಲಿನಿಕ್ ಇದಕ್ಕೆಂದೇ ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸುಮಾ ಈಗ ಹನ್ನೊಂದಕ್ಕೇ ಮಲಗುತ್ತಾರೆ. ಶನಿವಾರ ರೀಲ್ಸ್ ಉಂಟು, ನಾನೂ ಬೇಡವೆನ್ನಲಿಲ್ಲ. ಕತ್ತುನೋವು ಪೂರ್ತಿ ಹೋಗಿಲ್ಲ, ಫಿಸಿಯೋಥೆರಪಿ ನಡೆದಿದೆ. ಉಳಿದಿರುವುದು ನವೆಂಬರ್. ಆ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಕ್ಲೈಂಟ್ ಕಾಲ್ ನಮ್ಮ ಏಳೂವರೆಗೆ ಬಂದು ಒಂಬತ್ತಕ್ಕೆ ಮುಗಿಯುತ್ತದೆ. ಆ ಮುಕ್ಕಾಲು ಗಂಟೆಯನ್ನು ಎಲ್ಲಿಗೆ ಸರಿಸುವುದೆಂದು ಈಗಲೇ ಯೋಚಿಸಿಕೊಂಡು ಬರಲು ಇಬ್ಬರಿಗೂ ಹೇಳಿದ್ದೇನೆ.