ಹಾರ್ಪ್ (ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ) ನುಡಿಸುವವರಿಗೆ ಹೊಸ ಸಂಗೀತ ಯಾಕೆ ಅಷ್ಟು ಮುಖ್ಯ? ಅದನ್ನೇ ನಂಬಿ ಬೆಳೆದವರು ಯಾರಾದರೂ ಇದ್ದಾರಾ?

ಇದ್ದಾರೆ. ಸ್ಪೇನಿನ ಹಾರ್ಪ್ ವಾದಕ ನಿಕನೋರ್ ಸಬಲೇತಾ (1907–1993) ಹೆಸರು ಮೊದಲು ಹೇಳಬೇಕು.

ಪಿಯಾನೋ, ವಯಲಿನ್‌ಗಳಿಗೆ ಇರುವಷ್ಟು ದೊಡ್ಡ ಕೃತಿಗಳು ಹಾರ್ಪ್‌ಗೆ ಇರಲಿಲ್ಲ. ಆರ್ಕೆಸ್ಟ್ರಾದ ಒಂದು ಮೂಲೆಯಲ್ಲಿ ಕೂತು ಆಗೊಮ್ಮೆ ಈಗೊಮ್ಮೆ ತಂತಿ ಮೀಟುವುದೇ ಕೆಲಸ. ಒಬ್ಬರೇ ವೇದಿಕೆಯ ನಡುವೆ ಕೂರಬೇಕಾದರೆ ನುಡಿಸಲು ಏನಾದರೂ ಬೇಕಲ್ವಾ? ಸಬಲೇತಾ ಹಳೆಯ ಕೃತಿಗಳನ್ನು ಹುಡುಕಿ ತೆಗೆದರು, ಜೊತೆಗೆ ತಮ್ಮ ಕಾಲದವರಿಂದ ಹೊಸದನ್ನೂ ಬರೆಸಿದರು. ಸಂಗೀತ ರಚನೆಕಾರರಾದ ವಿಲ್ಲಾ-ಲೋಬೋಸ್, ರೊದ್ರಿಗೊ ಇಬ್ಬರೂ ಇವರಿಗಾಗಿ ಕನ್ಚೆರ್ಟೊ (ಒಂದು ವಾದ್ಯವನ್ನು ಮುಂದಿಟ್ಟು ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ಬರೆದರು.

ಬರೆಯುವುದೇನೂ ಸುಲಭವಲ್ಲ. ಹಾರ್ಪ್‌ನಲ್ಲಿ 47 ತಂತಿ, ಕಾಲಿನಿಂದ ಒತ್ತುವ 7 ಪೆಡಲ್; ಏಳು ಸ್ವರಗಳಿಗೆ ಒಂದೊಂದು. ಒಂದು ಪೆಡಲ್ ಒಂದು ಮೆಟ್ಟಿಲು ಇಳಿದರೆ ಆ ಸ್ವರದ ತಂತಿಗಳು ಹೆಚ್ಚುಕಡಿಮೆ ಎಲ್ಲವೂ ಅರ್ಧ ಸ್ವರ ಏರುತ್ತವೆ. ಸ್ವರಗಳು ಬೇಗ ಬೇಗ ಬದಲಾದರೆ ಕಾಲು ಪರದಾಡಬೇಕು. ಸುಮ್ನೆ ಪಿಯಾನೋ ಮುಂದೆ ಕೂತು ಬರೆದರೆ ನುಡಿಸಲು ಆಗುವುದೇ ಇಲ್ಲ.

ಅರ್ಜೆಂಟೀನಾದ ರಚನೆಕಾರ ಹಿನಸ್ತೇರಾ ಅವರದ್ದೇ ನೋಡಿ. ಹಿಂದೆ ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಹಾರ್ಪ್ ವಾದಕಿಯಾಗಿದ್ದ ಎಡ್ನಾ ಫಿಲಿಪ್ಸ್ 1956ರಲ್ಲಿ ಇವರನ್ನು ಕನ್ಚೆರ್ಟೊ ಬರೆದುಕೊಡಿ ಎಂದು ಕೇಳಿದರು. ಅದು ಮುಗಿಯುವಷ್ಟರಲ್ಲಿ ಫಿಲಿಪ್ಸ್ ವೇದಿಕೆಯಿಂದಲೇ ನಿವೃತ್ತರಾಗಿದ್ದರು! ಕೊನೆಗೆ 1965ರಲ್ಲಿ ಅದೇ ಆರ್ಕೆಸ್ಟ್ರಾ ಜೊತೆ ಮೊದಲ ಸಲ ನುಡಿಸಿದ್ದು ಸಬಲೇತಾ. ಮೂರನೇ ಭಾಗದ ಶುರುವಿನಲ್ಲಿ ಆರ್ಕೆಸ್ಟ್ರಾ ಸುಮ್ಮನಾಗಿ ಹಾರ್ಪ್ ಒಂದೇ ಮಾತಾಡುತ್ತದೆ. ಕೇಳುವುದಾದರೆ ಅಲ್ಲಿಂದಲೇ ಶುರುಮಾಡಿ.